ಗುರುಲಿಂಗಯ್ಯನವರ ಅಕ್ಷರದ ಬಾಟಲಿಗಳು

ಆಸಿಡ್ಡಿನ ಬಾಟಲಿಯಿಂದ ಸುರಿಯುವಾಗ ಚೀಟಿ ಅಂಗೈ ಕಡೆಗಿರಬೇಕು. ಲ್ಯಾಬಿಗೆ ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಷ್ಟೇ ಜಾಗ್ರತೆಯಿಂದ ಸುರಿದರೂ ಕೊನೆಗೆ ಒಂದು ಹನಿ ಬಾಟಲಿಯ ಹೊರಮೈ ಮೇಲೆ ಇಳಿದೇ ಇಳಿಯುತ್ತದೆ. ಚೀಟಿ ಆ ಬದಿಗಿದ್ದರೆ ಅಕ್ಷರ ಸುಟ್ಟುಹೋಗುತ್ತದೆ. ಬಿರಡೆಯನ್ನು ಮೇಜಿನ ಮೇಲೆ ಇಡಬಾರದು, ಎರಡು ಬೆರಳ ನಡುವೆ ಹಿಡಿದುಕೊಂಡೇ ಇರಬೇಕು. ಮಿಕ್ಕಿದ್ದನ್ನು ವಾಪಸ್ ಬಾಟಲಿಗೆ ಸುರಿಯಬಾರದು, ಚೆಲ್ಲುವುದಕ್ಕೆ ಎಷ್ಟೇ ಹೊಟ್ಟೆ ಉರಿದರೂ. ವಾಸನೆ ನೋಡಬೇಕಾದರೆ ಮೂಗು ಬಾಟಲಿಗೆ ತುರುಕಬಾರದು, ಕೈಯಲ್ಲಿ ಗಾಳಿ ಬೀಸಿ ಮೂಗಿನ ಕಡೆ ಕರೆಯಬೇಕು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಇದ್ಯಾವುದನ್ನೂ ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮೂರಿನ ಹೆಣ್ಣುಮಕ್ಕಳ ಹೈಸ್ಕೂಲಿನ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಅಟೆಂಡರ್ ಆಗಿದ್ದ ಗುರುಲಿಂಗಯ್ಯನವರು ಬೈದು ಬೈದು ಕಲಿಸಿದ್ದು. ಅವರು ಮೇಷ್ಟ್ರಲ್ಲದಿದ್ದರೂ ನಾನು ಅವರನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದೆ.

ನಮ್ಮೂರಿನಲ್ಲಿ ಮನುಷ್ಯ ಸತ್ತಾಗ ಅವನ ಕೈಬರಹವೂ ಹೋಗುತ್ತದೆ. ಉಸಿರು ನಿಂತ ಗಳಿಗೆಯಲ್ಲೇ, ಅವನು ಎಲ್ಲೆಲ್ಲಿ ಏನೇನು ಬರೆದಿದ್ದನೋ ಅದೆಲ್ಲ ಅಳಿಸಿ ಕಾಗದ ಬೆಳ್ಳಗಾಗುತ್ತದೆ. ಟೈಲರ್ ಖಾದರ್ ಸಾಹೇಬರು ತೀರಿಕೊಂಡ ವರ್ಷ ಊರಿಗೆ ಊರೇ ಮತ್ತೆ ಅಳತೆ ಕೊಡಲು ಸಾಲು ನಿಂತಿತ್ತು, ಸಾಲಿನಲ್ಲಿದ್ದ ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಜಮೀನಿನ ಪುಸ್ತಕಗಳನ್ನು ನಮ್ಮಲ್ಲಿ ಮೂವರು ಕೂತು ಮೂರು ಪ್ರತಿ ಬರೆಯುತ್ತಾರೆ. ಅಂಗಡಿಗಳ ಬೋರ್ಡು ಬರೆಸುವವರು ಪೇಂಟರಿನ ಕೈಚಳಕಕ್ಕಿಂತ ಮುಂಚೆ ಅವನ ವಯಸ್ಸು ಕೇಳುತ್ತಾರೆ. ನಮ್ಮ ಹಿಂದಿನ ಬೀದಿಯ ಶಂಕರಮ್ಮ, ತೀರಿಕೊಂಡ ಗಂಡ ಮದುವೆಗೆ ಮುಂಚೆ ಬರೆದ ಕಾಗದಗಳನ್ನು ಇನ್ನೂ ಡಬ್ಬಿಯಲ್ಲಿಟ್ಟುಕೊಂಡಿದ್ದಾರೆ. ಒಂದೊಂದೇ ಬಿಳಿ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡು, ಬಾಯಿಪಾಠ ಓದುತ್ತಾರೆ. ಅಚ್ಚಿನ ಅಕ್ಷರಕ್ಕೆ ಏನೂ ಆಗುವುದಿಲ್ಲ, ಆದರೆ ನಮ್ಮೂರಿನಲ್ಲಿ ಪ್ರೆಸ್ ಇಲ್ಲ.

ಹೀಗಿರುವುದರಿಂದ ಯಾರಾದರೂ ಕಾಯಿಲೆ ಬಿದ್ದರೆ ಅವರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುವುದು ವಾಡಿಕೆ. ಆದರೆ ಅದಕ್ಕೊಂದು ಮರ್ಯಾದೆ ಇದೆ. ಮಲಗಿದವರೇ ಬಾಯಿಬಿಟ್ಟು “ಬರ್ಕೊಳ್ಳಿ” ಅನ್ನಬೇಕು. ಅದಕ್ಕೆ ಮೊದಲು ಯಾರೂ ಅವರ ಅಕ್ಷರಕ್ಕೆ ಕೈಹಚ್ಚುವಂತಿಲ್ಲ. ಹಚ್ಚಿದರೆ, ನೀನು ಹೋಗುವುದನ್ನೇ ಕಾಯುತ್ತಿದ್ದೇನೆ ಎಂದು ಮುಖದ ಮೇಲೆ ಹೇಳಿದಂತೆ. ಬೀದಿಯಲ್ಲಿ ಒಬ್ಬರು ಇನ್ನೊಬ್ಬರಿಗೆ “ಅವರು ಬರ್ಕೊಳ್ಳಿ ಅಂದರಂತೆ” ಎಂದು ಪಿಸುಗುಟ್ಟಿದರೆ ಇನ್ನು ನಾಲ್ಕೈದು ದಿನ ಅಷ್ಟೇ ಎಂದು ಅರ್ಥ. ಕೇಳಿದವರು ಚಪ್ಪಲಿ ಮೆಟ್ಟಿ ನೋಡಿಕೊಂಡು ಬರಲು ಹೊರಡುತ್ತಾರೆ.

ಗುರುಲಿಂಗಯ್ಯನವರ ಅಕ್ಷರ ದುಂಡಗಿತ್ತು. ನಮ್ಮ ಲ್ಯಾಬಿನ ಬೀರುವಿನಲ್ಲಿ ಐವತ್ತೆಂಟು ಬಾಟಲಿಗಳಿದ್ದವು. ಐವತ್ತೆಂಟಕ್ಕೂ ಅವರೇ ಚೀಟಿ ಬರೆದು, ಮೇಲೆ ಮೇಣ ಸವರಿ ಅಂಟಿಸಿದ್ದರು. ಹೆಸರು, ತೀಕ್ಷ್ಣವೋ ನೀರು ಬೆರೆಸಿದ್ದೋ, ಬೆರೆಸಿದ ತಾರೀಕು, ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಮಾತಿನ ಎಚ್ಚರಿಕೆ: ‘ಚರ್ಮ ಸುಡುತ್ತದೆ’, ‘ಬೆಂಕಿಯಿಂದ ದೂರ’, ‘ಕಿಟಕಿ ತೆರೆ’. ಹುಡುಗಿಯರ ಮೇಜಿನ ಮೇಲಿನ ಪುಟ್ಟ ಬಾಟಲಿಗಳಿಗೆ ಮಾತ್ರ ಪ್ರತಿ ವರ್ಷ ಹುಡುಗಿಯರ ಕೈಯಲ್ಲೇ ಬರೆಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಕೆಲಸಕ್ಕೆ ನಾನು ಬಂದೆ. ಮೊದಲ ವರ್ಷವೆಲ್ಲ ಅವರೇ ಲ್ಯಾಬಿಗೆ ಬಂದು ನನಗೆ ಕೆಲಸ ಕಲಿಸಿದರು. ಬಂದು ಆರು ವರ್ಷವಾದರೂ ಬೀರುವಿನ ಒಂದು ಚೀಟಿಯನ್ನೂ ನಾನು ಬರೆಯಬೇಕಾಗಿ ಬರಲಿಲ್ಲ, ಚೀಟಿಗಳನ್ನು ಅಷ್ಟು ಜೋಪಾನ ಮಾಡಿದ್ದೆ. ತಾರೀಕು ಬದಲಾದಾಗ ಅವರೇ ಕೋಲೂರಿಕೊಂಡು ಬಂದು ತಿದ್ದಿ ಹೋಗುತ್ತಿದ್ದರು. ಅದು ಅವರಿಗೂ ಹೆಮ್ಮೆ, ನನಗೂ ಹೆಮ್ಮೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರಿಗೆ ಕೆಮ್ಮು ಹಿಡಿಯಿತು. ಶ್ವಾಸಕೋಶ ಸೋತಿದೆ ಎಂದರು ಡಾಕ್ಟರು. ಹಾಸಿಗೆ ಹಿಡಿದರು. ನಾನು ಪ್ರತಿ ಭಾನುವಾರ ನೋಡಿಕೊಂಡು ಬರುತ್ತಿದ್ದೆ. ನಮ್ಮ ವಿಜ್ಞಾನದ ಟೀಚರ್ ಫಿಲೋಮಿನಾ ಒಂದು ದಿನ ಬೀರುವಿನ ಮುಂದೆ ನಿಂತು ನನ್ನನ್ನು ಕರೆದರು.

“ಸಾಕಮ್ಮ, ಇವನ್ನೆಲ್ಲ ನೀವು ಬರ್ಕೊಳ್ಳೋದು ಒಳ್ಳೇದು. ಮುಂದಿನ ತಿಂಗಳು ಪ್ರಾಕ್ಟಿಕಲ್ ಪರೀಕ್ಷೆ ಇದೆ. ಇವು ಉಪ್ಪಿನಕಾಯಿ ಜಾಡಿಗಳಲ್ಲ, ಅರ್ಧಕ್ಕರ್ಧ ನೀರಿನ ಥರಾನೇ ಕಾಣ್ತವೆ.”

“ಅವರು ಇನ್ನೂ ಹೇಳಿಲ್ವಲ್ಲ ಟೀಚರ್,” ಎಂದೆ.

“ಹೇಳೋವರೆಗೂ ಕಾಯೋಕಾಗುತ್ತಾ? ಮೂವತ್ತಾರು ಮಕ್ಕಳಿದಾರೆ.”

“ಕೇಳ್ತೀನಿ,” ಎಂದೆ. ಟೀಚರ್ ಈ ಊರಿನವರೇ. ಅದಕ್ಕಿಂತ ಹೆಚ್ಚು ಒತ್ತಾಯ ಮಾಡಲು ಅವರಿಗೂ ಬಾಯಿ ಬರಲಿಲ್ಲ.

ಆ ಭಾನುವಾರ ಅರವತ್ತು ಚೀಟಿ ಕತ್ತರಿಸಿ, ಗೋಂದು, ಪೆನ್ನು ಸಮೇತ ಚೀಲದಲ್ಲಿಟ್ಟುಕೊಂಡು ಹೋದೆ. ಮೇಷ್ಟ್ರು ನಡುಮನೆಯ ಮಂಚದಲ್ಲಿ ದಿಂಬಿಗೊರಗಿ ಕೂತಿದ್ದರು. ಅವರ ಹೆಂಡತಿ ದಾಕ್ಷಾಯಣಮ್ಮ ಕಾಫಿ ತಂದುಕೊಟ್ಟರು.

“ಬಾಟ್ಲಿಗಳು ಹೆಂಗವೆ ಸಾಕವ್ವ?” ಎಂದರು ಮೇಷ್ಟ್ರು. ಮೊದಲ ಪ್ರಶ್ನೆ ಯಾವಾಗಲೂ ಅದೇ. ನನ್ನ ಮಗಳು ಹೇಗಿದ್ದಾಳೆ ಎನ್ನುವುದು ಆಮೇಲೆ.

“ಚೆನ್ನಾಗವೆ ಮೇಷ್ಟ್ರೇ.”

“ಚೀಟಿಗಳು?”

ಅದೇ ಸಮಯ. ಚೀಲ ನನ್ನ ಕಾಲ ಬುಡದಲ್ಲಿತ್ತು. ಬಾಗಿ ತೆಗೆದು ಮಡಿಲಲ್ಲಿಟ್ಟುಕೊಂಡು, ಪರೀಕ್ಷೆ ಹತ್ತಿರ ಬಂತು ಮೇಷ್ಟ್ರೇ ಎಂದಿದ್ದರೆ ಸಾಕಿತ್ತು. ಅವರ ಕುತ್ತಿಗೆಯ ಮೂಳೆ ಏರಿ ಇಳಿಯುತ್ತಿತ್ತು. ಮುಖದಲ್ಲಿ ನನ್ನ ಉತ್ತರಕ್ಕೆ ಕಾದಿರುವ ಒಂದು ಆಸೆ ಇತ್ತು.

“ನಿಮ್ಮ ಚೀಟಿಗಳೇ ಅವೆ. ಒಂದೂ ಬದಲಾಯಿಸಿಲ್ಲ,” ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕರು. “ಒಳ್ಳೇದು. ಜಾಣೆ ನೀನು,” ಎಂದರು. ಬೆಳ್ಳಿ ನೈಟ್ರೇಟನ್ನು ಕಂದು ಬಾಟಲಿಯಲ್ಲೇ ಇಡು, ಸ್ಪಿರಿಟ್ ದೀಪವನ್ನು ಹುಡುಗೀರು ಬಾಯಲ್ಲಿ ಊದಿ ಆರಿಸದಂತೆ ನೋಡಿಕೋ, ಮುಚ್ಚಳ ಹಾಕಿಯೇ ಆರಿಸಬೇಕು ಎಂದೆಲ್ಲ ಹೇಳಿದರು. ನಾನು ಗೊತ್ತಿರುವುದಕ್ಕೆಲ್ಲ ಹೊಸದಾಗಿ ಕೇಳುವವಳಂತೆ ತಲೆಯಾಡಿಸಿದೆ. ಹೀಗೇ ಮೂರು ಭಾನುವಾರ ಆ ಚೀಲ ನನ್ನ ಜೊತೆ ಹೋಗಿ ನನ್ನ ಜೊತೆ ವಾಪಸ್ ಬಂತು.

ಗುಟ್ಟಾಗಿ ಬರೆದುಕೊಳ್ಳಬಹುದಿತ್ತಲ್ಲ ಎಂದು ಹೊರಗಿನವರು ಕೇಳಿಯಾರು. ಮೂವತ್ತಾರು ಹುಡುಗಿಯರ ಕಣ್ಣಿಗೆ ಬಿದ್ದದ್ದು ಸಂಜೆಯೊಳಗೆ ಮೂವತ್ತಾರು ಮನೆಗೆ ಗೊತ್ತಾಗುತ್ತಿತ್ತು, ಮರುದಿನ ದಾಕ್ಷಾಯಣಮ್ಮನ ಕಿವಿಗೆ ಬೀಳುತ್ತಿತ್ತು. ಇದು ನಾನು ಟೀಚರಿಗೆ ಕೊಟ್ಟ ಕಾರಣ. ನಿಜವಾದ ಕಾರಣ ಬೇರೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಬೀರು ತೆರೆದು, ಮೊದಲ ಬಾಟಲಿ ಇಳಿಸಿ, ಪೆನ್ನು ಹಿಡಿದು ಕೂತಿದ್ದೆ. ಕೈ ಬರಲಿಲ್ಲ. ನನ್ನಪ್ಪ ಸತ್ತಾಗ ನನಗೆ ಎಂಟು ವರ್ಷ. ಅವನ ಅಕ್ಷರ ಹೇಗಿತ್ತೆಂದು ನನಗೆ ನೆನಪೇ ಇಲ್ಲ. ಮೇಷ್ಟ್ರ ಅಕ್ಷರದ ಮೇಲೆ ನಾನೇ ನನ್ನ ಕಾಗೆಕಾಲು ಅಕ್ಷರ ಅಂಟಿಸಿದರೆ ನಾನೇ ಅವರನ್ನು ಕಳಿಸಿಕೊಟ್ಟಂತೆ ಅನ್ನಿಸಿತು. ಬಾಟಲಿಯನ್ನು ಮತ್ತೆ ಒಳಗಿಟ್ಟು ಬೀಗ ಹಾಕಿದೆ.

ಪರೀಕ್ಷೆಯ ಹಿಂದಿನ ದಿನ ಲ್ಯಾಬು ತೊಳೆದೆವು. ಹೊರಗಿನಿಂದ ಪರೀಕ್ಷಕರು ಬರುತ್ತಾರೆಂದು ಬೀರುವಿನ ಹಲಗೆಗಳನ್ನೂ ಒರೆಸಿದೆ. ಬಾಟಲಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಜೋಡಿಸಿದೆ. ಚೀಟಿ ಓದಿ ಇಡುವುದಲ್ಲವೇ, ಯಾವುದು ಯಾವ ಜಾಗದಲ್ಲಿ ಕೂತಿತೆಂದು ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಕೆಳಗಿನ ಹಲಗೆಯಲ್ಲಿ ತೀಕ್ಷ್ಣ ಗಂಧಕಾಮ್ಲ ಎಡಕ್ಕೆ, ನೀರು ಬೆರೆಸಿದ್ದು ಬಲಕ್ಕೆ ಇರುವುದು ಆರು ವರ್ಷದ ರೂಢಿ. ಆ ದಿನ ಅವು ಅದಲುಬದಲಾದವು. ಬದಲಿಸಿದ ಕೈ ನನ್ನದೇ.

ಮರುದಿನ ಬೆಳಗ್ಗೆ ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಪರೀಕ್ಷಕರು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಹುಡುಗಿಯರಿಗೆ ಸತುವಿನ ಚೂರುಗಳ ಮೇಲೆ ನೀರು ಬೆರೆಸಿದ ಗಂಧಕಾಮ್ಲ ಹಾಕಿ, ಹೊರಡುವ ಅನಿಲವನ್ನು ಕಡ್ಡಿ ಗೀರಿ ಪರೀಕ್ಷಿಸುವ ಪ್ರಯೋಗ. ಲ್ಯಾಬಿನಲ್ಲಿದ್ದ ರಕ್ಷಣೆಯ ಕನ್ನಡಕ ನಾಲ್ಕೇ ನಾಲ್ಕು. ಅವನ್ನು ಮೊದಲ ಸಾಲಿಗೆ ಕೊಟ್ಟಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಪ್ರನಾಳ ತೆಗೆದುಕೊಡಲೆಂದು ಬೀರುವಿನ ಬಾಗಿಲು ತೆರೆದೆ. ಒಳಗೆ ಐವತ್ತೆಂಟು ಬಾಟಲಿಗಳ ಮೇಲೆ ಐವತ್ತೆಂಟು ಬಿಳಿ ಚೀಟಿಗಳಿದ್ದವು. ಮೇಣ ಹಾಗೇ ಹೊಳೆಯುತ್ತಿತ್ತು, ಒಳಗೆ ಒಂದಕ್ಷರವೂ ಇರಲಿಲ್ಲ. ಮೇಷ್ಟ್ರು ಹೋಗಿದ್ದರು.

ನಾನು ಅಲ್ಲೇ ಬಾಗಿಲು ಹಿಡಿದುಕೊಂಡು ನಿಂತೆ. ಫಿಲೋಮಿನಾ ಟೀಚರ್ ನನ್ನ ಹಿಂದೆ ಬಂದು, ಒಳಗೆ ಒಮ್ಮೆ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಸಾಕಮ್ಮ, ನಿಲ್ಲಿಸೋಣ್ವಾ?” ಎಂದು ಮೆಲ್ಲಗೆ ಕೇಳಿದರು.

“ಬೇಡ ಟೀಚರ್. ಹುಡುಗೀರ ಬಾಟ್ಲಿ ಮೇಲೆ ಅವರವರ ಅಕ್ಷರ ಇದೆ. ಇಲ್ಲಿರೋದು ನಂಗೆ ಕಣ್ಣು ಮುಚ್ಚಿದರೂ ಗೊತ್ತು,” ಎಂದೆ. ನನ್ನ ಸೊಕ್ಕಿನ ಮಾತು. ಚೀಟಿ ಇಲ್ಲದ ಬಾಟಲಿಯಲ್ಲಿ ಏನಿದೆ ಎಂದು ಊಹೆ ಮಾಡಬಾರದು, ಅದನ್ನು ಮುಟ್ಟದೆ ಪಕ್ಕಕ್ಕಿಡಬೇಕು ಎಂದು ಮೇಷ್ಟ್ರೇ ನನಗೆ ನೂರು ಸಲ ಹೇಳಿದ್ದರು. ಪರೀಕ್ಷೆ ನಿಂತರೆ ಹುಡುಗಿಯರಿಗೆ ಒಂದು ವರ್ಷ ಹೋಗುತ್ತದೆ, ಚೀಟಿ ಯಾಕೆ ಬರೆಯಲಿಲ್ಲ ಎಂದು ಪರೀಕ್ಷಕರು ಕೇಳುತ್ತಾರೆ, ಮೇಷ್ಟ್ರ ಹೆಸರು ಬರುತ್ತದೆ ಎಂದೆಲ್ಲ ತಲೆಯಲ್ಲಿ ಓಡಿತು. ಬುದ್ಧಿ ಮಾತ್ರ ಓಡಲಿಲ್ಲ.

ಆಗಲೇ ಮೂರನೇ ಸಾಲಿನಿಂದ ವಸುಮತಿ ಕೈ ಎತ್ತಿದಳು. ವಸುಮತಿ ನಮ್ಮ ಬೀದಿಯ ತಿರುವಿನಲ್ಲಿ ಇಸ್ತ್ರಿ ಮಾಡುವ ಜವರಮ್ಮನ ಒಬ್ಬಳೇ ಮಗಳು. ಮಾತು ಕಡಿಮೆ, ತರಗತಿಗೆ ಮೊದಲಿಗಳು. ಅವಳ ಪುಟ್ಟ ಬಾಟಲಿಯಲ್ಲಿ ಆಸಿಡ್ ಮುಗಿದಿತ್ತು. ನಾನು ಬೀರುವಿನ ಕೆಳಗಿನ ಹಲಗೆಯಿಂದ ಬಲಗಡೆಯ ಬಾಟಲಿ ಎತ್ತಿಕೊಂಡು ಹೋದೆ. ತೀಕ್ಷ್ಣ ಆಮ್ಲ ನೀರಿಗಿಂತ ತುಂಬ ಭಾರ, ಎತ್ತಿದ ಕೂಡಲೇ ಕೈಗೆ ಗೊತ್ತಾಗಬೇಕು. ಆದರೆ ಅದು ಅರ್ಧ ಬಾಟಲಿಯಷ್ಟೇ ಇದ್ದದ್ದರಿಂದ, ತುಂಬಿದ ಇನ್ನೊಂದರಷ್ಟೇ ತೂಗಿತು. ನನ್ನ ಕಣ್ಣು ಹನಿದು ಎದುರಿಗಿದ್ದದ್ದು ಮಂಜುಮಂಜಾಗಿತ್ತು. ಚೀಟಿಯನ್ನು ಅಂಗೈ ಕಡೆ ತಿರುಗಿಸಿಕೊಂಡೆ, ಅಭ್ಯಾಸ ನೋಡಿ. ವಸುಮತಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಪುಟ್ಟ ಬಾಟಲಿಗೆ ಸುರಿದು, ಬಿರಡೆ ಹಾಕಿ, ವಾಪಸ್ ಬಂದೆ.

ಅವಳು ಆಮ್ಲ ಹಾಕಿದಾಗ ಸತುವಿನಿಂದ ಗುಳ್ಳೆ ಏಳಲಿಲ್ಲ. ತೀಕ್ಷ್ಣ ಆಮ್ಲಕ್ಕೆ ತಣ್ಣಗಿರುವಾಗ ಏಳುವುದೂ ಇಲ್ಲ. ಪಕ್ಕದವಳದ್ದು ಬುಸಬುಸ ಏಳುತ್ತಿತ್ತು, ಗಡಿಯಾರ ಓಡುತ್ತಿತ್ತು. ಆಮ್ಲ ಗಟ್ಟಿಯಾಗಿದೆ ಎಂದುಕೊಂಡು ಅವಳು ಪ್ರನಾಳಕ್ಕೆ ಸ್ವಲ್ಪ ನೀರು ಹಾಕಿದಳು. ಅದು ಕುದಿದು ಚಿಮ್ಮಿ ಅವಳ ಮುಖಕ್ಕೆ ಬಿತ್ತು.

ಆ ಕೂಗನ್ನು ನಾನು ಬರೆಯುವುದಿಲ್ಲ. ಅವಳನ್ನು ಎತ್ತಿಕೊಂಡೇ ಅಂಗಳದ ನಲ್ಲಿಗೆ ಓಡಿದೆ. ಕಣ್ಣಿಗೆ ಆಸಿಡ್ ಬಿದ್ದರೆ ಸೋಡಾ, ಸುಣ್ಣದ ನೀರು ಏನನ್ನೂ ಹಾಕಬಾರದು, ಬರೀ ನೀರು, ಹರಿಯುವ ನೀರು, ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷ. ಅವಳು ಒದೆಯುತ್ತಿದ್ದಳು. ನಾನು ಅವಳ ತಲೆಯನ್ನು ತೊಡೆಯ ಮೇಲೆ ಒತ್ತಿಹಿಡಿದು ರೆಪ್ಪೆ ಬಿಡಿಸಿದ್ದೆ. ಟೀಚರ್ ಅಳುತ್ತಾ ಗಡಿಯಾರ ನೋಡಿ ನಿಮಿಷ ಎಣಿಸಿದರು. ಆಮೇಲೆ ಪರೀಕ್ಷಕರ ಜೀಪಿನಲ್ಲೇ ಆಸ್ಪತ್ರೆಗೆ ಹೋದೆವು. ಕೆನ್ನೆಯ ಗಾಯ ಮಾಗುತ್ತದೆ, ಎಡಗಣ್ಣಿಗೆ ಏನೂ ಆಗಿಲ್ಲ, ಬಲಗಣ್ಣು ಹೋಯಿತು ಎಂದರು ಡಾಕ್ಟರು. ಅದನ್ನು ಅವರು ಹೇಳಿದ್ದು ಜವರಮ್ಮನಿಗೆ, ಟೀಚರಿಗೆ ಮತ್ತು ನನಗೆ. ಸಂಜೆ ನಾನು ಆಸ್ಪತ್ರೆಯಿಂದ ಹೊರಗೆ ಬರುವಷ್ಟರಲ್ಲಿ ಮೇಷ್ಟ್ರನ್ನು ಮಣ್ಣು ಮಾಡಿ ಜನ ಮನೆಗೆ ಮರಳುತ್ತಿದ್ದರು.

ತಪ್ಪು ನನ್ನದು ಎಂದು ಹೆಡ್‌ಮಿಸ್ಟ್ರೆಸ್ಸರ ಮುಂದೆ ನಿಂತು ಹೇಳಿದೆ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಸ್ವಲ್ಪ ನೆಮ್ಮದಿಯಾಗುತ್ತಿತ್ತು. ಊರಿನವರು ಸಮಾಧಾನ ಹೇಳಲು ಬಂದರು, ಅದೂ ನನಗೇ! “ಅವರು ಬರ್ಕೊಳ್ಳಿ ಅಂದಿರ್ಲಿಲ್ವಲ್ಲ, ನೀನೇನು ಮಾಡೋಕಾಗ್ತಿತ್ತು?” ಎಂದು ಒಬ್ಬರ ಹಿಂದೊಬ್ಬರು ಹೇಳಿದರು. ಒಬ್ಬರಾದರೂ ಬೈದಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

ಹನ್ನೆರಡನೇ ದಿನ ದಾಕ್ಷಾಯಣಮ್ಮನನ್ನು ನೋಡಲು ಹೋದೆ. ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಆಕೆ ನನ್ನನ್ನು ಹತ್ತಿರ ಕೂರಿಸಿಕೊಂಡರು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದರು ಆಕೆ. “ನೀನು ನಿಜವಾಗ್ಲೂ ಬರ್ಕೊಂಡಿರ್ಲಿಲ್ವಾ?”

“ಇಲ್ಲಮ್ಮ. ಮೇಷ್ಟ್ರಿಗೆ ಹೇಳಿದ್ದೆನಲ್ಲ, ಒಂದೂ ಬದಲಾಯಿಸಿಲ್ಲ ಅಂತ.”

ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅವರು ಅದನ್ನ ನಂಬ್ಲೇ ಇಲ್ಲ ಕಣೇ. ನೀನು ಬಂದುಹೋದ ಮೇಲೆ ಪ್ರತಿಸಲ ನಗೋರು. ಸಾಕವ್ವ ಯಾವತ್ತೋ ಎಲ್ಲಾ ಬರ್ದು ಅಂಟ್ಸಿರ್ತಾಳೆ, ನಂಗೆ ನೋವಾಗಬಾರದು ಅಂತ ಸುಳ್ಳು ಹೇಳ್ತಾಳೆ, ಎಷ್ಟು ಚೆನ್ನಾಗಿ ಹೇಳ್ತಾಳೆ ನೋಡು ಅನ್ನೋರು. ನೀವೇ ಒಂದು ಮಾತು ಬರ್ಕೊ ಅನ್ನಿ ಅಂದೆ ನಾನು. ಬೇಡ ಬಿಡು, ಬರ್ಕೊಂಡಿರೋಳಿಗೆ ಯಾಕೆ ಹೇಳೋದು, ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾಳೆ, ಹಾಗೇ ಇರ್ಲಿ ಅಂದ್ರು.”

ನಾನು ಅವರಿಗೆ ನಿಜವನ್ನೇ ಹೇಳಿದ್ದೆ. ಅವರು ಅದನ್ನು ಅಕ್ಕರೆಯ ಸುಳ್ಳು ಎಂದುಕೊಂಡು ಸಂತೋಷಪಟ್ಟಿದ್ದರು. ಅವರ ಮನೆಯ ಬಾಗಿಲು ದಾಟಿ ಬೀದಿಗೆ ಬರುವಷ್ಟರಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಎದುರಿಗೆ ಬಂದವರು, ಗುರುವನ್ನು ಕಳೆದುಕೊಂಡವಳು ಎಂದು ದಾರಿ ಬಿಟ್ಟರು. ಲ್ಯಾಬಿಗೆ ಹೋಗಿ ಬೀಗ ತೆಗೆದು ಬೀರುವಿನ ಮುಂದೆ ಕೂತೆ. ಲಿಟ್ಮಸ್ ಅದ್ದಿ, ತೂಕ ನೋಡಿ, ಖಾತ್ರಿಯಾದದ್ದಕ್ಕೆ ಮಾತ್ರ ಹೊಸ ಚೀಟಿ ಬರೆದೆ. ಗುರುತು ಸಿಗದ ಒಂಬತ್ತು ಬಾಟಲಿಗಳನ್ನು, ಒಳಗಿರುವುದು ಏನೆಂದು ನನಗೆ ಮುಕ್ಕಾಲು ಗೊತ್ತಿದ್ದರೂ, ಪಕ್ಕಕ್ಕೆ ತೆಗೆದಿಟ್ಟು ಟೀಚರಿಗೆ ಒಪ್ಪಿಸಿದೆ.

ವಸುಮತಿಯ ಮನೆಗೆ ಹೋಗಲು ನನಗೆ ಮತ್ತೂ ಹತ್ತು ದಿನ ಬೇಕಾಯಿತು. ಬೆಳಗಿನ ಹೊತ್ತು. ಜವರಮ್ಮ ಹಿತ್ತಲಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ನನ್ನನ್ನು ನೋಡಿ, “ಬಾರಕ್ಕ, ಒಳಗಿದಾಳೆ,” ಎಂದಳಷ್ಟೇ. ಬೈಗುಳ ತಿನ್ನಲು ಸಿದ್ಧಳಾಗಿ ಬಂದಿದ್ದ ನನಗೆ ಕಾಲು ಎಡವಿದಂತಾಯಿತು. ಒಳಗೆ ವಸುಮತಿ, ಮಡಿಸಿಟ್ಟ ಬಟ್ಟೆಗಳ ಗಂಟಿಗೆ ಒರಗಿ, ಒಂದೇ ಕಣ್ಣಿನಲ್ಲಿ ಪುಸ್ತಕ ಓದುತ್ತಿದ್ದಳು. ಬಲಗಣ್ಣಿಗೆ ಬಿಳಿ ಪಟ್ಟಿ ಇತ್ತು. ನಾನು ನೆಲದ ಮೇಲೆ ಕೂತು, ಹೇಳಬೇಕೆಂದು ಕಟ್ಟಿಕೊಂಡು ಹೋಗಿದ್ದನ್ನೆಲ್ಲ ಹೇಳಿದೆ. ತೀಕ್ಷ್ಣ ಆಮ್ಲ ಸುರಿದದ್ದು ನಾನು, ಚೀಟಿ ಬರೆಯದೇ ಇದ್ದದ್ದೂ ನಾನು, ನಿನ್ನದೇನೂ ತಪ್ಪಿಲ್ಲ ಎಂದೆ.

ಅವಳು ಪುಸ್ತಕ ಮುಚ್ಚಿದಳು. “ನಂಗೆ ಗೊತ್ತಾಗಿತ್ತು ಅಕ್ಕ,” ಎಂದಳು.

“ಏನು ಗೊತ್ತಾಗಿತ್ತು?”

“ಅದು ಬೇರೆ ಆಸಿಡ್ ಅಂತ. ನೀವು ಸುರಿಯೋವಾಗ ಎಣ್ಣೆ ಥರ ಇಳೀತಿತ್ತು. ಕೇಳ್ಬೇಕು ಅನ್ಕೊಂಡೆ. ನೀವು ಅಳ್ತಿದ್ರಿ. ಪಾಪ ಅನ್ನಿಸ್ತು. ಕೇಳಿದ್ರೆ ಪರೀಕ್ಷಕರು ನಿಮ್ಮನ್ನ ಬೈತಾರೆ ಅಂತ ಸುಮ್ಮನಾದೆ. ಸ್ವಲ್ಪ ನೀರು ಹಾಕಿದ್ರೆ ತೆಳ್ಳಗಾಗುತ್ತೆ ಬಿಡು ಅನ್ಕೊಂಡೆ. ನೀರಿಗೆ ಅದನ್ನ ಹಾಕ್ಬೇಕು ಅನ್ನೋದು ಆ ಗಡಿಬಿಡೀಲಿ ಮರ್ತೋಯ್ತು.”

ಅವಳು ಪಟ್ಟಿಯ ಅಂಚನ್ನು ಬೆರಳಲ್ಲಿ ಮುಟ್ಟಿಕೊಂಡು ಕೇಳಿದಳು:

“ದೀಪಾವಳಿ ಹೊತ್ಗೆ ಕಾಣ್ಸುತ್ತೆ ಅಂತಾರೆ ಅಮ್ಮ. ಟೀಚರೂ ಹಾಗೇ ಅಂದ್ರು. ನೀವು ಡಾಕ್ಟರ ಹತ್ರ ಇದ್ರಲ್ಲ ಅಕ್ಕ. ಕಾಣ್ಸುತ್ತಾ?”

ಹೂಂ ಎನ್ನುವ ಮಾತು ಬಾಯಿಯ ಒಳಗೆ ಬಂದು ಕೂತಿತ್ತು. ಅದು ಎಷ್ಟು ಸುಲಭದ ಮಾತು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊರಗೆ ಜವರಮ್ಮ ಕೆಂಡ ಊದುವ ಸದ್ದು ಕೇಳಿಸುತ್ತಿತ್ತು. ನಾನು ವಸುಮತಿಯ ಎರಡೂ ಕೈ ಹಿಡಿದುಕೊಂಡೆ.

“ಇಲ್ಲ ಕಣವ್ವ. ಆ ಕಣ್ಣು ಇನ್ನು ಕಾಣಲ್ಲ. ಎಡಗಣ್ಣು ಗಟ್ಟಿಯಾಗಿದೆ, ಅದಕ್ಕೇನೂ ಆಗಲ್ಲ. ಬಲಗಡೇದು ಹೋಯ್ತು. ಡಾಕ್ಟರು ಮೊದಲ ದಿನಾನೇ ಹೇಳಿದ್ರು.”

ಅವಳು ಅಳಲಿಲ್ಲ. ಕೈ ಬಿಡಿಸಿಕೊಳ್ಳಲೂ ಇಲ್ಲ. “ಅಮ್ಮಂಗೆ ಗೊತ್ತಾ?” ಎಂದಳು.

“ಗೊತ್ತು.”

ಅವಳು ಹಿತ್ತಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಹಾಗಾದ್ರೆ ನಂಗೆ ಗೊತ್ತಾಗಿದೆ ಅಂತ ಅಮ್ಮಂಗೆ ಹೇಳ್ಬೇಡಿ ಅಕ್ಕ. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದಾರೆ.”

ನಾನು ಅವಳ ಕೈ ಬಿಡದೆಯೇ ಹಿತ್ತಲಿನ ಕಡೆ ತಿರುಗಿ, ಜವರಮ್ಮಾ, ಆ ಕೆಂಡ ಅಲ್ಲೇ ಬಿಟ್ಟು ಒಳಗೆ ಬಾ ಎಂದು ಕೂಗಿದೆ.